ಲಿಫ್ಟ್ ಮೆಕ್ಯಾನಿಕ್ಕು ಮೆಟ್ಟಿಲು ಹತ್ತಿದ್ದು

ಲಿಫ್ಟ್ ಮೆಕ್ಯಾನಿಕ್ಕಿಗೆ ಅರವತ್ತು ದಾಟಿತ್ತು. ಆಳು ಕಡ್ಡಿ ಪೈಲ್ವಾನ. ಹಾಗಾಗಿ ರಕ್ತದಲ್ಲಿ ಕೆಟ್ಟ ಕೊಬ್ಬು ಏರಿದೆ, ಒಳ್ಳೆಯದು ಇಳಿದಿದೆ ಎಂದು ಡಾಕ್ಟರು ಹೇಳಿದಾಗ ನಕ್ಕೇಬಿಟ್ಟ.

"ಬೇರೆ ಯಾರದೋ ರಕ್ತ ನೋಡಿದೀರಿ ಸಾರ್. ನನ್ನ ಮೈಯಲ್ಲಿ ಕೊಬ್ಬು ಎಲ್ಲಿದೆ?"

"ಸಣ್ಣಗಿದ್ರೆ ಸಾಲದು ರೀ. ಮಾತ್ರೆ ತಗೊಳ್ಳಿ. ದಿನಾ ಬಿರುಸಾಗಿ ನಡೀರಿ, ಮೆಟ್ಟಿಲು ಹತ್ತಿ."

ತೊಡಕಿದ್ದದ್ದು ಆ ಮೆಟ್ಟಿಲಿನಲ್ಲೇ. ಅವನಿದ್ದ ಕಟ್ಟಡದ ಲಿಫ್ಟನ್ನು ನೋಡಿಕೊಳ್ಳುತ್ತಿದ್ದವನು ಅವನೇ. ಮೆಕ್ಯಾನಿಕ್ಕೇ ಮೆಟ್ಟಿಲು ಹತ್ತಿದರೆ ಲಿಫ್ಟನ್ನು ಯಾರು ನಂಬುತ್ತಾರೆ? ಮೊದಲ ಮಹಡಿಗೂ ಆಸಾಮಿ ಠೀವಿಯಿಂದ ಲಿಫ್ಟಿನಲ್ಲೇ ಹೋಗುತ್ತಿದ್ದ.

"ನಿಮ್ಮಣ್ಣನೂ ಸಣ್ಣಗೇ ಇದ್ರು" ಎಂದಳು ಹೆಂಡತಿ. ಹಿಂದಿನ ವರ್ಷ ಅಣ್ಣ ಊಟಕ್ಕೆ ಕೂತಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟಿದ್ದ. ಅಂದಿನಿಂದ ಇವನು ಕಣ್ಣು ಮುಚ್ಚಿದರೆ ಸಾಕು, ಅವಳು ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತಿದ್ದಳು. ಗೊತ್ತಿದ್ದೂ ಇವನು ನಿದ್ದೆ ನಟಿಸುತ್ತಿದ್ದ.

ಒಂದು ಮಧ್ಯಾಹ್ನ ಕರೆಂಟು ಹೋಯಿತು. ಕೆಳಗೆ ಹರಟೆ ಹೊಡೆಯುತ್ತಿದ್ದವನಿಗೆ ಲಿಫ್ಟಿನೊಳಗಿಂದ ದಬದಬ ಬಡಿಯುವ ಸದ್ದು ಕೇಳಿಸಿತು. ಸಿಕ್ಕಿಕೊಂಡವಳು ಹೆಂಡತಿಯೇ. ಬಿಡಿಸಬೇಕೆಂದರೆ ತಾರಸಿಯ ಯಂತ್ರದ ಕೋಣೆಗೆ ಹೋಗಿ ಚಕ್ರವನ್ನು ಕೈಯಲ್ಲಿ ತಿರುಗಿಸಬೇಕು.

ಓಡಿದ. ಮೂರನೇ ಮಹಡಿಗೆ ಕಾಲು ಸೋತವು. ಐದನೆಯದಕ್ಕೆ ಎದೆ ಡವಗುಟ್ಟಿ, ಗೋಡೆ ಹಿಡಿದು ನಿಂತ. ಆಗ ಅವನಿಗೆ ಭಯವಾಯಿತು, ನಿಜವಾದ ಭಯ. ತಾನು ಅಣ್ಣನ ಹಾಗೆ ಇಲ್ಲೇ ಹೋಗಿಬಿಟ್ಟರೆ ಅವಳನ್ನು ಹೊರಗೆ ತೆಗೆಯುವವರು ಯಾರು?

ಲಿಫ್ಟಿನ ಬಾಗಿಲ ಸಂದಿಯಿಂದ ಅವಳ ದನಿ ಬಂತು. "ಅಯ್ಯೋ, ಆ ಏದುಸಿರು ನಿಮ್ಮದಾ? ಮೊದಲು ಕೂತ್ಕೊಳ್ಳಿ. ನಾನೆಲ್ಲೂ ಓಡಿಹೋಗಲ್ಲ."

ಕೂತ. ಸುಧಾರಿಸಿಕೊಂಡು ಮೇಲೆ ಹೋಗಿ ಚಕ್ರ ತಿರುಗಿಸಿ ಲಿಫ್ಟನ್ನು ಮಹಡಿಯ ಮಟ್ಟಕ್ಕೆ ತಂದ, ಇಳಿದು ಬಂದು ಬಾಗಿಲು ತೆಗೆದ. ಹೊರಬಂದವಳು ಬೈಯಲಿಲ್ಲ. ಅವನ ಎದೆಯ ಮೇಲೆ ಅಂಗೈಯಿಟ್ಟು ನಿಂತಳು. ಬೈದಿದ್ದರೇ ವಾಸಿಯಿತ್ತು.

ಮರುದಿನವೇ ಡಾಕ್ಟರ ಬಳಿ ಹೋಗಿ ಎದೆ ಪರೀಕ್ಷೆ ಮಾಡಿಸಿಕೊಂಡ, ಮಾತ್ರೆ ಶುರುಮಾಡಿದ. ಅವರು ಸರಿ ಎಂದ ಮೇಲೆ ಒಂದೊಂದೇ ಮಹಡಿ ಹತ್ತತೊಡಗಿದ.

"ಏನ್ರೀ, ಲಿಫ್ಟ್ ಕೆಟ್ಟಿದೆಯಾ?" ಎಂದರು ನೆರೆಮನೆಯ ಮೇಷ್ಟ್ರು.

"ಲಿಫ್ಟಿಗೇನು ಧಾಡಿ ಸಾರ್? ರಿಪೇರಿ ನಡೀತಿರೋದು ನಂದು."

ತಿಂಗಳುಗಳು ಉರುಳಿದವು. ಏಳನೇ ಮಹಡಿಯಲ್ಲೂ ಮಾತಾಡುವಷ್ಟು ಉಸಿರು ಉಳಿಯತೊಡಗಿತು. ರಕ್ತದ ಹೊಸ ವರದಿ ನೋಡಿ ಡಾಕ್ಟರು ಬೆನ್ನು ತಟ್ಟಿದರು. ಆ ಮಧ್ಯಾಹ್ನ ಊಟ ಮುಗಿಸಿ ಅಡ್ಡಾದವನು ಕಣ್ಣು ಮುಚ್ಚಿ ಬೆರಳಿಗಾಗಿ ಕಾದ. ಬರಲಿಲ್ಲ. ತಿರುಗಿ ನೋಡಿದರೆ ಅವಳು ಬಾಯಿ ತೆರೆದು ಗಾಢ ನಿದ್ದೆಯಲ್ಲಿದ್ದಳು.

ಸ್ವಲ್ಪ ಹೊತ್ತು ನೋಡಿದ. ಆಮೇಲೆ ಮೆಲ್ಲಗೆ ಅವಳ ಮೂಗಿನ ಹತ್ತಿರ ತನ್ನ ಬೆರಳು ಹಿಡಿದ.