ಹಲ್ಲಿನ ಸಿಮೆಂಟು ಗಟ್ಟಿಯಾಗುವ ತನಕ

ಚಿಮಣಿ ಎಣ್ಣೆಯ ನಾತವಲ್ಲ, ಬಾಗಿಲಿಗೆ ಹಚ್ಚುವ ಬಣ್ಣದ ವಾಸನೆಯೂ ಅಲ್ಲ, ಎರಡರ ನಡುವಿನ ಎಂಥದೋ ಘಾಟು ಬಾಯೊಳಗಿನಿಂದ ಮೂಗಿಗೆ ಏರುತ್ತಿದೆ, ಕಣ್ಣು ಮುಚ್ಚಿದರೂ ನೆತ್ತಿಯ ಮೇಲಿನ ದೀಪ ರೆಪ್ಪೆಯೊಳಗೆ ಕೆಂಪಗೆ ಉರಿಯುತ್ತಲೇ ಇದೆ, ಬಿಗಿಯಾಗಿ ಕಚ್ಚಿ ಹಿಡೀರಿ ಅವ್ವಾರ, ಮಾತಾಡಬ್ಯಾಡ್ರಿ, ನಗಬ್ಯಾಡ್ರಿ, ಸಿಮೆಂಟ ಗಟ್ಟಿ ಆಗೂತನಕಾ ಅಲಗ್ಯಾಡಬ್ಯಾಡ್ರಿ ಎಂದು ಹೇಳಿ ಗುರುಸಿದ್ದ ಡಾಕ್ಟರು ಕೈ ತೊಳೆಯಲು ಹೋಗಿದ್ದಾರೆ, ಚಂದ್ರವ್ವನಿಗೆ ಮಾತಾಡಬೇಡ ಎನ್ನುವುದೂ ಒಂದೇ, ಮಲಪ್ರಭೆಗೆ ಹರಿಯಬೇಡ ಎನ್ನುವುದೂ ಒಂದೇ, ಹೊರಗೆ ಬೆಂಚಿನ ಮೇಲೆ ಕೂತ ಗಂಡ ದುಂಡಪ್ಪ ಅದನ್ನು ಕೇಳಿ ಖೊಕ್ಕೆಂದು ನಕ್ಕದ್ದು ಪರದೆಯಾಚೆಯಿಂದ ಕೇಳಿಸಿತು, ಡಾಕ್ಟರ್ರ, ಆ ಸಿಮೆಂಟ ಮನಿಗೂ ಒಂದೀಟ ಕಟ್ಟಿ ಕೊಡ್ರೆಲಾ, ನಗಲಿ, ನಕ್ಕೋತ ಇರಲಿ, ಸಿಮೆಂಟು ಗಟ್ಟಿಯಾಗಲಿ, ಆಮೇಲೆ ಇದೆ ಅವನಿಗೆ — ನೆನಪಿಲ್ಲವಂತೆ, ಚಂದ್ರವ್ವನಿಗೆ ನೆನಪಿಲ್ಲವಂತೆ, ಮುದುಕಿಗೆ ಭ್ರಮೆಯಂತೆ, ಇದ್ದದ್ದಕ್ಕೆ ಇಲ್ಲದ್ದನ್ನು ಹೆಣೆದು ಹೇಳುತ್ತಾಳಂತೆ, ಎಲಾ ನಿಮ್ಮ ನಾಲಿಗೆಗೆ ಹುಳ ಬೀಳಲಿ, ನೆನಪಿಲ್ಲದವರು ನೀವು, ಖಾನಾಪುರದ ಬೀಗರ ಆ ಪಡಸಾಲೆಯಲ್ಲಿ ಹೊಟ್ಟೆ ತುಂಬ ಉಂಡು ಹೋದಿರಲ್ಲ, ಹುಗ್ಗಿಗೆ ಬೆಲ್ಲ ಕಡಿಮೆ ಬಿದ್ದದ್ದು ನಿಮ್ಮಲ್ಲಿ ಒಬ್ಬಳಿಗಾದರೂ ನೆನಪಿದೆಯೇ, ಕಂಬಕ್ಕೆ ಒರಗಿದವಳು ಯಾರು, ಮೂಗಿನ ನತ್ತು ಮೊಸರಿಗೆ ತಾಗಿಸಿಕೊಂಡವಳು ಯಾರು, ಕೇಳಿ ನೋಡಿ, ಚಂದ್ರವ್ವ ಹೇಳುತ್ತಾಳೆ, ಹಲ್ಲು ಹೋಗಿರಬಹುದು, ಕಣ್ಣು ಹೋಗಿಲ್ಲ, ಕಂಡದ್ದನ್ನು ಕಂಡದ್ದೇ ಎನ್ನುತ್ತಾಳೆ — ದವಡೆ ನೋಯುತ್ತಿದೆ, ಇನ್ನೂ ಎಷ್ಟು ಹೊತ್ತೋ, ಕಟ್ಟಿಸಿದ ಹಲ್ಲಿನ ಮೇಲಿನ ಸೆಟ್ಟು ಅಂಗುಳಕ್ಕೆ ಅಂಟಿಕೊಂಡು ಸುಮ್ಮನಿರುತ್ತದೆ, ಅದು ಗರತಿ, ಈ ಕೆಳಗಿನದೇ ಓಡಾಡುವ ಜಾತಿ, ಅಂಟಿನ ಪುಡಿ ಹಾಕಿ ನೋಡಿದ್ದಾಯಿತು, ಬೇರೆಯದು ಮಾಡಿಸಿ ನೋಡಿದ್ದಾಯಿತು, ರೊಟ್ಟಿ ಮುರಿದರೆ ಅದು ರೊಟ್ಟಿಯ ಜತೆ ಬರುತ್ತದೆ, ಸೀನಿದರೆ ಅಂಗಳಕ್ಕೆ ಹೋಗುತ್ತದೆ, ನಿಮ್ಮ ದವಡಿ ಸವದ ಹೋಗೇತ್ರಿ ಅವ್ವಾರ, ಸೆಟ್ಟ ಕುಂದರಾಕ ದಿನ್ನಿನ ಉಳದಿಲ್ಲ ಎಂದು ಗುರುಸಿದ್ದ ಡಾಕ್ಟರೇ ಹೇಳಿದರು, ಮುಂಬಯಿಯಲ್ಲಿ ಕಲಿತು ಬಂದ ಹುಡುಗ, ಮಳೆಗಾಲದಲ್ಲಿ ಕೆಳದವಡೆಯ ಮುಂದಿನ ಎಲುಬಿನಲ್ಲಿ ಬೆಂಕಿಕಡ್ಡಿ ದಪ್ಪದ ಎರಡು ಸ್ಕ್ರೂ ತಿರುವಿ ಕೂಡ್ರಿಸಿದರು, ಎಮ್ಮಿಗಿ ಗೂಟಾ ಬಡದಂಗಾತ ಬಿಡ ಎಂದ ದುಂಡಪ್ಪ, ಮಳೆ ಹೋಗಿ ಚಳಿ ಬರುವಷ್ಟರಲ್ಲಿ ಎಲುಬು ಅವನ್ನು ಅಪ್ಪಿ ಹಿಡಿದಿದೆ, ಎರಡರ ತಲೆಯೂ ಗುಂಡಗೆ, ಜೋಳದ ಕಾಳಿನ ಹಾಗೆ ನಾಲಿಗೆಗೆ ತಾಗುತ್ತವೆ, ಇವತ್ತು ಸೆಟ್ಟಿನ ಅಡಿಯಲ್ಲಿ ಅವಕ್ಕೆ ಎರಡು ಟೋಪಿ ಕೂಡಿಸಿ ಗುಲಾಬಿ ಸಿಮೆಂಟು ಸುರಿದಿದ್ದಾರೆ, ಪೋಲಕಾದ ಟಿಚ್ ಬಟನ್ ಇದ್ದಂಗ ಅವ್ವಾರ, ಒತ್ತಿದ್ರ ಟಕ್ಕಂತ ಕುಂದರತೈತಿ, ನೀವಾಗಿ ತಗದ್ರನ ಬರೂದು, ತಾನಾಗಿ ಬೀಳೂದಿಲ್ಲ, ಬೀಳೂದಿಲ್ಲ ಎಂಬ ಆ ಒಂದು ಮಾತಿಗಾಗಿ ಚಂದ್ರವ್ವ ಎಲುಬಿನಲ್ಲಿ ಗೂಟ ಬಡಿಸಿಕೊಂಡಳು, ಶುಕ್ರವಾರದ ಸಲುವಾಗಿ, ಶುಕ್ರವಾರ ಖಾನಾಪುರದಲ್ಲಿ ಕಾಂತಾಳ ಕುಬಸ, ಏಳನೇ ತಿಂಗಳಿಗೆ ಬಸುರಿಗೆ ಹಸಿರು ಉಡಿಸಿ ಉಡಿ ತುಂಬುವ ದಿನ.

ಕಾಂತಾ ತಮ್ಮನ ಮಗಳು, ಎನ್ನುವುದು ಬಾಯಿಮಾತಿಗೆ, ತಾಯಿ ಸತ್ತಾಗ ಇನ್ನೂ ಅಂಬೆಗಾಲಿನ ಕೂಸು, ಅನಗೋಳದ ಓಣಿಯಲ್ಲಿ ಚಂದ್ರವ್ವನ ಮಡಿಲಲ್ಲೇ ಬೆಳೆದದ್ದು, ಮಕ್ಕಳಿಲ್ಲದ ಮನೆಗೆ ಅದೊಂದೇ ಗದ್ದಲ, ಅತ್ತೆ ಎಂದು ಎಂದೂ ಕರೆಯಲಿಲ್ಲ, ಅವ್ವಾ ಎಂದೇ ಕರೆದದ್ದು, ಹಾಲುಹಲ್ಲು ಬಿದ್ದಾಗ ಮಾಳಿಗೆಯ ಮೇಲೆ ಎಸೆದರೆ ಹೊಸದು ಬರುತ್ತದೆಂದು ಹೇಳಿದ್ದಕ್ಕೆ, ಚಂದ್ರವ್ವನ ಸೆಟ್ಟನ್ನೇ ನೀರಿನ ಬಟ್ಟಲಿನಿಂದ ಎತ್ತಿಕೊಂಡು ಹೊರಟಿತ್ತು ಹುಡುಗಿ, ಒಗೀಲೇನವ್ವಾ, ನಿನಗೂ ಬರತಾವು, ಎಷ್ಟು ನಕ್ಕಿದ್ದರು ಅವತ್ತು, ಆ ನಗೆ ಬೇರೆ — ಖಾನಾಪುರದ ನಗೆ ಬೇರೆ, ಎರಡು ವರ್ಷದ ಹಿಂದಿನ ಚಳಿಗಾಲ, ಮೊದಲ ಬಸುರು, ಹಂಚಿನ ಕಾರ್ಖಾನೆಯ ಆಫೀಸಿನಲ್ಲಿ ಕೆಲಸ ಮಾಡುವ ಅಳಿಯನ ಮನೆ, ಪಡಸಾಲೆ ತುಂಬ ಹೆಂಗಸರು, ಅರ್ಧ ಹಾಡು ಮರಾಠಿಯಲ್ಲಿ, ಅರ್ಧ ಕನ್ನಡದಲ್ಲಿ, ಕಾಂತಾಳ ಅತ್ತೆ ಶಿವಲಿಂಗವ್ವ ಮೆಲ್ಲಗೆ ಅಂದಂತೆ ಮಾಡಿ ಎಲ್ಲರಿಗೂ ಕೇಳುವ ಹಾಗೆ ಅಂದಳು, ಮೊದಲನೇ ಉಡಿ ಮಕ್ಕಳಾದವರ ಕೈಲೆ ತುಂಬಸೂಣ್ರೆವ್ವಾ, ಶಾಸ್ತ್ರ ಅದ, ಚಂದ್ರವ್ವ ಎದ್ದು ಹಿಂದೆ ಸರಿದಿದ್ದಳು, ಹೂ ಕಟ್ಟಿದ ಕುರ್ಚಿಯ ಮೇಲೆ ಕೂತ ಕಾಂತಾ ಸೆರಗು ಸರಿಮಾಡಿಕೊಂಡು ಎದ್ದು ನಿಂತುಬಿಟ್ಟಳು, ನಮ್ಮವ್ವ ತುಂಬದಿದ್ರ ನಾ ಕುಂದರೂದಿಲ್ಲ, ನೀವ ಉಡಿ ಕಟ್ಕೊಂಡ ಕುಂದರ್ರಿ, ಎಂಥ ಮಾತು, ಎಂಥ ಹುಡುಗಿ, ಕಾಂತಾ ಗೆದ್ದು ಮತ್ತೆ ಕೂತಳು, ಚಂದ್ರವ್ವ ಅಕ್ಕಿಯ ತಟ್ಟೆಗೆ ಕೈ ಹಾಕಿದಳು, ಉಡಿಯಲ್ಲಿ ಖಣ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನದ ಕೊಂಬು, ಬಗ್ಗಿ ಒಂದು ಬೊಗಸೆ ಸುರಿದಳು, ಇನ್ನೊಂದು ಬೊಗಸೆಗೆ ಬಗ್ಗಿದಾಗ ಹಸಿರು ಸೀರೆಯ ಅಂಚಿನ ಕೆಳಗೆ ಮಣೆಯ ಮೇಲೆ ಇಟ್ಟ ಕಾಲು ಕಂಡವು, ಕಾಂತಾಳ ಕಾಲಲ್ಲ ಅವು, ಯಾರದೋ ದಪ್ಪ ಕಾಲು, ಹೊಳೆಯುವ ಚರ್ಮ, ಕಾಲುಂಗುರ ಎಲ್ಲಿ, ಬೆರಳು ಊದಿ ಊದಿ ಕಾಲುಂಗುರವನ್ನು ನುಂಗಿಬಿಟ್ಟಿತ್ತು, ಬೆಳ್ಳಿಯ ಒಂದು ಗೆರೆ ಮಾತ್ರ, ದಾರ ಬಿಗಿದ ಹಾಗೆ, ಇದ್ಯಾಕವ್ವ ನಿನ್ನ ಕಾಲು ಎಂದು ಕೇಳಲು ಬಾಯಿ ತೆರೆದಳು, ಇದ್ಯಾಕವ್ವ ಎಂಬಷ್ಟು ಬಂತು, ನಿನ್ನ ಎಂಬಲ್ಲಿ ನಾಲಿಗೆ ತಳ್ಳಿತೋ ಗಾಳಿ ತಳ್ಳಿತೋ, ಕೆಳಗಿನ ಸೆಟ್ಟು ಪುಸಕ್ಕನೆ ಜಾರಿ ಉಡಿಯಲ್ಲಿ ಬಿತ್ತು, ಅಕ್ಕಿಯ ಮೇಲೆ, ಕೊಬ್ಬರಿಯ ಪಕ್ಕದಲ್ಲಿ, ಗುಲಾಬಿ ವಸಡು ತೋರಿಸಿ ನಗುತ್ತಾ ಕೂತಿತು.

ಮೊದಲು ಯಾರೋ ಕಿಸಕ್ಕೆಂದರು, ಆಮೇಲೆ ಪಡಸಾಲೆಯೇ ಹಾರಿಹೋಗುವ ಹಾಗೆ ನಗೆ, ಅಯ್ಯ ಅಯ್ಯ ಹಲ್ಲು ತುಂಬಿದ್ಲವ್ವ ಮುದಕಿ, ಹೊಟ್ಟ್ಯಾಗಿನ ಕೂಸು ಹಲ್ಲ ಕಟ್ಟಿಸ್ಕೊಂಡ ಬರತೈತೀಗ, ಬಾಗಿಲಲ್ಲಿ ನಿಂತ ದುಂಡಪ್ಪನೂ ನಕ್ಕ, ಇಲ್ಲ ಎನ್ನುತ್ತಾನೆ, ನಕ್ಕ, ಹೊಟ್ಟೆ ಹಿಡಿದುಕೊಂಡು ನಕ್ಕ, ಶಿವಲಿಂಗವ್ವ ಮಾತ್ರ ನಗಲಿಲ್ಲ, ಅಪಶಕುನ ಎಂದು ಬಾಯಿ ಬಿಡದೆ ಹೇಳಿದಳು, ಕಣ್ಣಿನಿಂದ — ಕಾಂತಾ ಎರಡು ಬೆರಳಲ್ಲಿ ಸೆಟ್ಟು ಎತ್ತಿದಳು, ಹೇಸಲಿಲ್ಲ, ಅಕ್ಕಿ ಕೊಡವಿದಳು, ಹೊಸ ಸೀರೆಯ ಸೆರಗಿನಲ್ಲೇ ಒರೆಸಿದಳು, ಆ ಅನ್ನವ್ವಾ ಎಂದಳು, ತುತ್ತು ಇಡುವವರ ಹಾಗೆ, ಬಾಯಲ್ಲಿ ಇಟ್ಟಳು — ಅಷ್ಟು ಸಾಕಿತ್ತಲ್ಲ, ಅಲ್ಲಿಯೇ ಕೇಳಬಹುದಿತ್ತಲ್ಲ, ಹಲ್ಲು ಬಾಯಲ್ಲೇ ಇತ್ತಲ್ಲ, ಕೇಳಲಿಲ್ಲ, ಚಂದ್ರವ್ವ ಅಂಗೈ ಬಾಯಿಗೆ ಒತ್ತಿಕೊಂಡವಳು ಸಂಜೆಯ ತನಕ ತೆಗೆಯಲಿಲ್ಲ, ಸೆರಗು ಅಡ್ಡ ಹಿಡಿದೇ ಉಂಡಳು, ರೈಲಿನಲ್ಲಿ ಕಿಟಕಿಗೆ ಮುಖ ಮಾಡಿ ಕೂತಳು, ನಾಚಿಕೆ ಅಷ್ಟು ದೊಡ್ಡದಿತ್ತು, ಪಡಸಾಲೆಗಿಂತ ದೊಡ್ಡದು, ಊದಿದ ಕಾಲು ಅದರ ಹಿಂದೆ ಮರೆಯಾಯಿತು, ಬಸುರಿಯರ ಕಾಲು ಊದುವುದುಂಟು ಎಂದುಕೊಂಡಳು, ನಾಳೆ ಕಾಗದ ಬರೆಸೋಣ ಎಂದುಕೊಂಡಳು, ಆ ನಗೆ ತಣ್ಣಗಾಗಲಿ ಎಂದುಕೊಂಡಳು, ಅದು ತಣ್ಣಗಾಗುವ ಮೊದಲೇ ಕಾಂತಾ ಒಲೆಯ ಮುಂದೆ ಕಣ್ಣು ಕತ್ತಲೆ ಬಂದು ಬಿದ್ದಳು, ಬೆಳಗಾವಿಯ ದವಾಖಾನೆಗೆ ತಂದರು, ಡಾಕ್ಟರಬಾಯಿ ಸೀರೆ ಸರಿಸಿ ನೋಡಿ ಮೊದಲು ಕೇಳಿದ್ದೇ ಅದನ್ನು, ಬಿ.ಪಿ. ಏರೇತಿ, ಕಾಲು ಇಷ್ಟ ಬಾತಾವ, ಮನ್ಯಾಗ ಯಾರೂ ನೋಡಲಿಲ್ಲೇನ್ರಿ, ಕಾಂತಾ ಉಳಿದಳು, ಕೂಸು ಅಳಲಿಲ್ಲ, ಅಷ್ಟುದ್ದ ಕೂದಲಿದ್ದ ಕೂಸು, ಗಂಡು, ನಾ ನೋಡಿದ್ದೆ ಎಂದು ಚಂದ್ರವ್ವ ಗೋಡೆಗೆ ಒರಗಿಕೊಂಡು ಅಂದಳು, ಕುಬಸದ ದಿನಾನ ನೋಡಿದ್ದೆ, ಶಿವಲಿಂಗವ್ವ ತಿರುಗಿ ನೋಡಿದಳು, ಅಳುತ್ತಲೇ ಇದ್ದಳು ಅವಳೂ, ಇಲ್ಲವೆಂದರೆ ಸುಳ್ಳಾದೀತು, ನೋಡಿದ್ರ ಯಾಕ ಹೇಳಲಿಲ್ಲ ಎಂದಳು, ಕಾಲೂ ಇಲ್ಲ ಬಾವೂ ಇಲ್ಲ, ಉಡ್ಯಾಗ ಹಲ್ಲ ಕೆಡವಿದ್ದ ಮುಚ್ಚಾಕ ಈಗ ಕಥಿ ಕಟ್ಟಬ್ಯಾಡ, ಅಂದಿನಿಂದ ಖಾನಾಪುರದಲ್ಲಿ ಅದೇ ಮಾತು, ಹಲ್ಲು ಬಿದ್ದದ್ದು ಎಲ್ಲರಿಗೂ ಗೊತ್ತು, ಕಾಲು ಊದಿದ್ದು ಯಾರಿಗೂ ಗೊತ್ತಿಲ್ಲ, ಕಾಲುಂಗುರ ಕಂಡದ್ದು ಚಂದ್ರವ್ವನೊಬ್ಬಳಿಗೇ, ಬೆಳ್ಳಿಯ ಗೆರೆ — ಬಾಯೊಳಗೆ ಬಿಸಿ ಏರುತ್ತಿದೆ, ಸಿಮೆಂಟು ಕಾಯುತ್ತದೆ ಎಂದು ಹೇಳಿದ್ದರು ಡಾಕ್ಟರು, ಹೆದರಬೇಡಿ ಎಂದಿದ್ದರು, ಉಗುಳು ನುಂಗಲೇ, ನುಂಗಿದರೆ ಅಲ್ಲಾಡಿತೇ, ಅಲ್ಲಾಡಿ ಓರೆಯಾಗಿ ಕೂತರೆ ಮತ್ತೆ ಮೊದಲಿನಿಂದ, ಶುಕ್ರವಾರ ಕಾಯುವುದಿಲ್ಲ.

ಮಳೆಗಾಲದಲ್ಲಿ ಕಾಂತಾ ಬಂದಿದ್ದಳು, ಮೂರು ತಿಂಗಳು ಎಂದು ಹೇಳಲು, ಕೊಡೆ ಮೂಲೆಗಿಟ್ಟು ಚಂದ್ರವ್ವನ ಮುಂದೆ ಕುಕ್ಕರಿಸಿದಳು, ಈ ಸಲಾನೂ ನೀನ ತುಂಬಬೇಕವ್ವಾ, ಒಲ್ಲೆ ಎಂದಳು ಚಂದ್ರವ್ವ, ಈ ಅಲ್ಲಾಡೂ ಹಲ್ಲ ತಗೊಂಡ ನಾ ಆ ಮನಿ ಹೊಸ್ತಲಾ ತುಳಿಯೂದಿಲ್ಲ, ಹಂಗಾರ ಹಲ್ಲ ಗಟ್ಟಿ ಮಾಡಿಸ್ಕೋ, ಹಲ್ಲಿಂದಾಗಿ ನನ್ನ ಬಿಡತೀಯೇನ, ಎಷ್ಟು ಸುಲಭವಾಗಿ ಕೇಳಿದಳು, ಹಲ್ಲಿಂದಾಗಿ ಚಂದ್ರವ್ವ ಬಿಟ್ಟೇಬಿಟ್ಟಿದ್ದಳಲ್ಲ ಒಮ್ಮೆ — ಮೊನ್ನೆ ದುಂಡಪ್ಪ ಖಾನಾಪುರಕ್ಕೆ ಹೋಗಿ ಬಂದ, ಇವತ್ತು ಇಲ್ಲಿಗೆ ಬರುವಾಗ ಅನಗೋಳದ ನಾಕಾ ದಾಟಿದ ಮೇಲೆ ಬಾಯಿ ಬಿಟ್ಟ, ಬೀಗತಿ ಹೇಳ್ಯಾಳ, ಊಟಕ್ಕ ಬರ್ರಿ ಅಂದಾಳ, ಉಡಿ ಬ್ಯಾರೇದವರು ತುಂಬತಾರಂತ, ಮನಸಿಗಿ ಹಚ್ಕೋಬ್ಯಾಡ, ಹಚ್ಚಿಕೊಳ್ಳಬೇಡ ಎನ್ನುವವನು ಹಲ್ಲಿನ ದವಾಖಾನೆಗೆ ಯಾಕೆ ಕರೆದುಕೊಂಡು ಬಂದ, ರೊಟ್ಟಿಗಾಗಿಯೇ, ಊಟಕ್ಕೆ ಕೂತು ಬೇರೆಯವರು ಬಗ್ಗುವುದನ್ನು ನೋಡಲೇ, ಬೇರೆಯವರು ಬಗ್ಗಿದರೆ ಕಾಲು ನೋಡುತ್ತಾರೆಯೇ, ಯಾರು ನೋಡುತ್ತಾರೆ, ಎಲ್ಲರೂ ಸೀರೆ ನೋಡುತ್ತಾರೆ, ಬಳೆ ನೋಡುತ್ತಾರೆ, ಹೊಟ್ಟೆ ನೋಡಿ ಗಂಡೋ ಹೆಣ್ಣೋ ಎನ್ನುತ್ತಾರೆ, ಕಾಲು ಸೀರೆಯ ಕೆಳಗೆ, ಕಾಲುಂಗುರ ಬೆರಳಿನ ಒಳಗೆ — ಆ ಅನ್ರಿ ಅವ್ವಾರ, ಡಾಕ್ಟರು ಬಂದಿದ್ದಾರೆ, ಬೆರಳು ಹಾಕಿ ಹೊರಗೆ ಎಳೆದರು, ಮೇಲಕ್ಕೆ ಎತ್ತಿದರು, ಒಂದು ಸಲ ಬಿಡಿಸಿದರು, ಅಂಚು ತಿಕ್ಕಿದರು, ಮತ್ತೆ ಇಟ್ಟು ಒತ್ತಿದರು, ಟಕ್, ಇನ್ನೊಂದು ಬದಿ ಟಕ್, ಕಿವಿಯಲ್ಲಲ್ಲ, ಎಲುಬಿನಲ್ಲೇ ಕೇಳಿಸಿತು, ನಾಲಿಗೆಯಿಂದ ದೂಡಿದಳು, ಬರಲಿಲ್ಲ, ಇನ್ನೂ ಬಿರುಸಾಗಿ ದೂಡಿದಳು, ಬರಲಿಲ್ಲ, ಬಂತೇನ್ರಿ, ಈಗ ಏನರ ಮಾತಾಡ್ರಿ, ದನಿ ತಗದ ಮಾತಾಡ್ರಿ, ದುಂಡಪ್ಪ ಪರದೆ ಸರಿಸಿ ಮುಖ ಹಾಕಿದ, ನನ್ನ ಹೆಸರ ಹೇಳಿಸ್ರಿ ಡಾಕ್ಟರ್ರ, ಮದಿವ್ಯಾಗ ಹೇಳಿದ್ದ ಕಡೀಕ, ಚಂದ್ರವ್ವ ಎದ್ದು ಕೂತಳು.

ಮೊನ್ನಿ ಹೋಗಿದ್ರೆಲಾ, ಕಾಂತಾನ ಕಾಲ ನೋಡಿದ್ರಿ? ದುಂಡಪ್ಪ ಕಣ್ಣು ಪಿಳಿಪಿಳಿ ಮಾಡಿದ, ಕಾಲಾ, ಕಾಲ ಯಾಂವ ನೋಡತಾನ, ಛಂದ ಅದಾಳ, ಮೈ ಕೈ ತುಂಬ್ಯಾಳ, ಚಾ ತಂದ ಕೊಟ್ಲು, ಗಂಡನ ಚಪ್ಪಲಿ ಮೆಟ್ಟಕೊಂಡ ಟಪಾಟಪಾ ಅಡ್ಯಾಡಾಕ ಹತ್ತಿದ್ಲು, ಯಾಕವಾ ಅಂದ್ರ ನನ್ನ ಚಪ್ಪಲಿ ಕಾಲಿಗೆ ಹಿಡ್ಯಾವಲ್ಲವು ಮಾಮಾ ಅಂದ್ಲು, ನಾನೂ ನಕ್ಕೆ, ಆಕಿನೂ ನಕ್ಕಳು — ನಕ್ಕೆ ಎನ್ನುತ್ತಾನೆ, ಮತ್ತೆ ನಕ್ಕ, ಚಪ್ಪಲಿ ಹಿಡಿಯುವುದಿಲ್ಲವಂತೆ, ಗಂಡನ ಚಪ್ಪಲಿಯಂತೆ, ಚಂದ್ರವ್ವನ ಕೈ ತಾನಾಗಿ ಬಾಯಿಯ ಕಡೆ ಎದ್ದಿತು, ಅರ್ಧ ದಾರಿಗೆ ನಿಂತಿತು, ಕೆಳಗಿಳಿಯಿತು, ಡಾಕ್ಟರ್ರ, ನಿಮ್ಮ ಫೋನು ಖಾನಾಪುರಕ್ಕ ಹಚ್ಚ್ರಿ, ಹಂಚಿನ ಕಾರ್ಖಾನಿಗೆ, ಇವತ್ತ, ಈಗ, ಶುಕ್ರವಾರದ ಮಾತ ಬ್ಯಾಡ, ಉಡಿ ಯಾರರೆ ತುಂಬಲಿ, ಬಸುರಿಯ ಕಾಲು ಊದಿದೆ ಎಂಬುದು ಗುರುಸಿದ್ದ ಡಾಕ್ಟರಿಗೂ ಅರ್ಥವಾಯಿತು, ಕೈಗೆ ಹತ್ತಿದ ಗುಲಾಬಿ ಪುಡಿ ಒರೆಸಿಕೊಳ್ಳದೆ ಡಯಲು ತಿರುಗಿಸಿದರು, ಹತ್ತಲಿಲ್ಲ, ಮತ್ತೆ ತಿರುಗಿಸಿದರು, ಯಾರ ಎತ್ತತಾರೋ ಅವರಿಗೇ ಹೇಳ್ರಿ, ವಾಚಮನ್ ಆದ್ರ ವಾಚಮನ್‌ಗೆ ಹೇಳ್ರಿ, ಅಂವ ಅಳಿಯಗ ಹೇಳ್ಲಿ, ಅಳಿಯ ಅವರವ್ವಗ ಹೇಳ್ಲಿ, ಹಲ್ಲ ಬಿದ್ದ ಮುದಕಿ ಹೇಳ್ಯಾಳಂತ ಹೇಳ್ರಿ, ನಗತಾರೇನ ನಗಲಿ, ನಕ್ಕೋತರೆ ಹೇಳ್ಲಿ, ಒಬ್ಬರಿಗೊಬ್ಬರು ಹೇಳ್ಕೋತ ಹೋಗ್ಲಿ, ಕಾಂತಾನ ಕಾಲ ನೋಡ್ರಿ, ಸೀರಿ ಎತ್ತಿ ಕಾಲ ನೋಡ್ರಿ, ದನಿ ಪರದೆ ದಾಟಿ ಬೀದಿಗೆ ಹೋಯಿತು, ಹಲ್ಲು ಎಲುಬಿನ ಹಾಗೆ ಕೂತೇ ಇತ್ತು, ಅದು ಕೂತದ್ದು ಅವಳಿಗೆ ಗೊತ್ತೂ ಆಗಲಿಲ್ಲ, ಫೋನಿನೊಳಗೆ ದೂರದಲ್ಲಿ ಗಂಟೆ ಹೊಡೆಯುತ್ತಿದೆ, ಎತ್ತಲಿ, ಯಾರಾದರೂ ಎತ್ತಲಿ, ಹಸಿರು ಅಂಚು, ಮಣೆ, ಹೊಳೆಯುವ ಚರ್ಮ, ಊದಿದ ಬೆರಳು, ಬೆರಳಿನೊಳಗೆ ಹೂತ ಕಾಲುಂಗುರ, ಬೆಳ್ಳಿಯ ಒಂದು ಗೆರೆ, ಕಾಲುಂಗುರ, ಎತ್ತ್ರೀ, ಹೇಳ್ರೀ, ಕಾಲುಂಗುರ —