ಎಳೆದರೆ ಏಳುವವಳಲ್ಲ ನಾನು

ಜಲಜಾಕ್ಷಿ ಲಾರಿಗೇರಿಸಿದ ಕೊನೆಯ ಜೇನುಪೆಟ್ಟಿಗೆಗೆ ಹಗ್ಗ ಬಿಗಿದಳು. ಬಾಗಿಲು ಮುಚ್ಚಿದ ಪೆಟ್ಟಿಗೆಗಳೊಳಗೆ ಹುಳುಗಳು ಗುಂಯ್‌ಗುಡುತ್ತಿದ್ದವು. ಬಿಸಿಲೇರುವ ಮೊದಲು ರಬ್ಬರ್ ತೋಟದ ನೆರಳು ಸೇರದಿದ್ದರೆ ಅವು ಒಳಗೇ ಬೆಂದುಹೋಗುತ್ತವೆ. ಅವಳು ಸೀಟಿಗೆ ಹತ್ತಿ, ಇಂಜಿನ್ ಚಾಲೂ ಮಾಡಿ, ಬ್ರೇಕ್ ತುಳಿದು ನನ್ನನ್ನು ಹಿಡಿದಳು. ನಾನು 'ಪಾರ್ಕ್' ಎಂಬ ನಿಲುಗಡೆಯ ಸ್ಥಾನದಿಂದ ಅಲುಗಲಿಲ್ಲ.

ನಾನು ಒಂದು ಆಟೋಮ್ಯಾಟಿಕ್ ಪಿಕಪ್ ಲಾರಿಯ ಗೇರ್ ಕೋಲು. ಕೀ ತಿರುಗಿಸಿ ಬ್ರೇಕ್ ತುಳಿಯದವರ ಕೈಗೆ ಪಾರ್ಕಿನಿಂದ ಏಳಬಾರದೆಂಬುದು ಕಾರ್ಖಾನೆಯಲ್ಲೇ ನನಗೆ ಹಾಕಿದ ಕಟ್ಟಳೆ. ಮೊದಲ ಧಣಿ ಮಂಗಳೂರಿನ ಒಬ್ಬ ಕಂಟ್ರಾಕ್ಟರು. ಅವಸರದವನು. ಇದಕ್ಕಾಗಿ ನನ್ನನ್ನು ಗುದ್ದಿದ್ದುಂಟು, ಬೈದದ್ದುಂಟು. ಪ್ರತಿ ಸಲವೂ ಸೋತು ಬ್ರೇಕ್ ತುಳಿದದ್ದು ಅವನೇ.

ಆಮೇಲೆ ಸುಳ್ಯದ ಈ ಮನೆಗೆ ಬಂದೆ. ಜಲಜಾಕ್ಷಿಯ ಎಡ ಮೊಣಕಾಲು ಮಡಚುವುದಿಲ್ಲ; ಕ್ಲಚ್ ತುಳಿಯಲಾರಳು. ನನ್ನ ಲಾರಿಗೆ ಕ್ಲಚ್ಚೇ ಇಲ್ಲ. ತಲೆಗೂದಲು ನರೆಯುವ ವಯಸ್ಸಿನಲ್ಲಿ ಅವಳು ಡ್ರೈವಿಂಗ್ ಕಲಿತಳು. ಅವಳ ಅಂಗೈ ತಿಕ್ಕಿ ತಿಕ್ಕಿ ನನ್ನ ತಲೆಯ ಮೇಲಿನ ಅಕ್ಷರಗಳು ಮಾಸಿವೆ. ನಾನು ಈ ಮನೆಯಿಂದ ಹೋದರೆ ಅವಳ ಓಡಾಟವೂ ಹೋದ ಹಾಗೆ.

ಇವತ್ತಿನ ತಪ್ಪು ಅವಳದ್ದಲ್ಲ. ನಿನ್ನೆ ಸಂಜೆ ಗಂಡ ಗಿರಿಧರ ಅಂಗಳದ ಇಳಿಜಾರಿನಲ್ಲಿ ಹ್ಯಾಂಡ್‌ಬ್ರೇಕ್ ಎಳೆಯದೆ, ನನ್ನನ್ನು ಪಾರ್ಕಿಗೆ ತಳ್ಳಿ ಇಳಿದಿದ್ದ. ಗೇರ್‌ಬಾಕ್ಸಿನೊಳಗಿನ ಒಂದು ಪುಟ್ಟ ಕಬ್ಬಿಣದ ಹಲ್ಲಿಗೆ ಇಡೀ ಲಾರಿ ಜೋತುಬಿದ್ದಿತ್ತು. ಅದು ಬಿಡದೆ ನಾನು ಏಳುವುದು ಹೇಗೆ?

ಗಿರಿಧರ ಬಂದ, ಎಳೆದ, ಗುದ್ದಿದ.

"ನಿನ್ನ ಕೈಗೆ ಬಂದೇ ಇದು ಹಾಳಾದದ್ದು. ಸಂಜೆ ಬ್ರೋಕರನಿಗೆ ಬರ್ಲಿಕ್ಕೆ ಹೇಳ್ತೇನೆ. ಇದನ್ನು ಕೊಟ್ಟು ಕ್ಲಚ್ಚಿನ ಜೀಪು ತರುವ."

"ನಾನು ಓಡಿಸುದು ಹೇಗೆ?"

"ನೀನು ಎಂತಕ್ಕೆ ಓಡಿಸುದು ಮಾರಾಯ್ತಿ? ನಾನಿಲ್ವಾ?"

ಜೇನುಹುಳುವಿಗೆ ಹೆದರಿ ಪೆಟ್ಟಿಗೆಯ ಹತ್ತಿರವೂ ಸುಳಿಯದವನ ಮಾತು ಇದು. ಅವಳು ಅವನಿಗೇ ಪಕ್ಕದ ಮನೆಯ ಜೀಪು ತಂದು, ಏರಿನ ಕಡೆಯಿಂದ ಹಗ್ಗ ಕಟ್ಟಿ ಸ್ವಲ್ಪವೇ ಎಳೆಯಲು ಹೇಳಿದಳು. ಗೊಣಗುತ್ತಲೇ ಎಳೆದ. ಲಾರಿ ಬೆರಳಗಲ ಮೇಲೆ ಸರಿಯಿತು. ಅವಳು ಬ್ರೇಕ್ ತುಳಿದಳು. ಹಲ್ಲು ಹಗುರಾಯಿತು, ನಾನು ಟಕ್ಕೆಂದು ಎದ್ದೆ.

"ಗಂಡಸು ಎಳೆದ ಮೇಲೆ ಬಂತು ನೋಡು," ಎಂದ ಗಿರಿಧರ. ಆಗ ನನ್ನ ಮೇಲಿದ್ದದ್ದು ಅವಳ ಕೈ.

ರಬ್ಬರ್ ಮರಗಳಡಿ ಬಾಗಿಲು ತೆರೆದಾಗ ಹುಳುಗಳು ಒಂದೊಂದಾಗಿ ಬೆಳಕಿಗೆ ಹಾರಿದವು. ಅವಳು ಬಹಳ ಹೊತ್ತು ನೋಡುತ್ತ ನಿಂತಳು.

ಸಂಜೆ ಅಂಗಳದಲ್ಲಿ ಬ್ರೇಕ್ ತುಳಿದು, ಹ್ಯಾಂಡ್‌ಬ್ರೇಕ್ ಎಳೆದು, ಆಮೇಲೆ ನನ್ನನ್ನು ಪಾರ್ಕಿಗೆ ತಂದಳು. ನನಗೂ ವಯಸ್ಸಾಯಿತು; ಯಾವ ಕೈಯಲ್ಲಿ ಏನಿದೆಯೆಂದು ತಿಳಿಯುತ್ತದೆ. ಅವಳ ಕೈಯಲ್ಲಿ ಇವತ್ತು ಒಂದು ತೀರ್ಮಾನವಿತ್ತು. ಕೀಯನ್ನು ಎಂದಿನಂತೆ ಬಾಗಿಲ ಮೊಳೆಗೆ ನೇತುಹಾಕಲಿಲ್ಲ. ತೋಟಕ್ಕೆ ಒಯ್ಯದೆ ಪೇರಳೆ ಮರದಡಿ ಉಳಿಸಿದ್ದ ಒಂದೇ ಜೇನುಪೆಟ್ಟಿಗೆಯ ಮುಚ್ಚಳ ಮೆಲ್ಲನೆ ಎತ್ತಿ, ಕೀ ಒಳಗಿಟ್ಟು, ಮುಚ್ಚಿದಳು. ಈ ಮನೆಯಲ್ಲಿ ಆ ಮುಚ್ಚಳ ತೆರೆಯುವವಳು ಅವಳೊಬ್ಬಳೇ. ಆಮೇಲೆ ಕಾಫಿಗೆ ನೀರಿಡಲು ಹೋದಳು.

ಗೇಟಿನ ಬಳಿ ಬೈಕಿನ ಸದ್ದು. ಬ್ರೋಕರ್ ಬರಲಿ. ನಾನು ಪಾರ್ಕಿನಲ್ಲಿದ್ದೇನೆ.