ನಡುವಿನಿಂದ ತುದಿಗೆ

ಮೊದಲು ಇಂಜಿನ್ ತಣ್ಣಗಾಗಬೇಕು. ತಣ್ಣಗಾದ ಮೇಲೆ ರೇಡಿಯೇಟರಿನ ನೀರು ಇಳಿಸಬೇಕು. ಅನಂತರ ಏರ್ ಫಿಲ್ಟರ್, ಅದರ ಕೆಳಗಿನ ಕಾರ್ಬ್ಯುರೇಟರ್, ಕೊನೆಗೆ ಗಾಳಿಯನ್ನೂ ಪೆಟ್ರೋಲನ್ನೂ ಇಂಜಿನ್ನಿಗೆ ಹಂಚುವ ಮ್ಯಾನಿಫೋಲ್ಡ್. ಅದು ಹೊರಬಂದರೆ ಮಾತ್ರ ಬೆನ್ನಿಗಂಟಿದ, ಜೋಡಣೆಯ ಸಂದು ಮುಚ್ಚುವ ಗ್ಯಾಸ್ಕೆಟ್ ಕಣ್ಣಿಗೆ ಬೀಳುತ್ತದೆ. ಜುಲೈ ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ಜ್ಯೋತ್ಸ್ನಾ ಈ ಅನುಕ್ರಮವನ್ನು ತಾಯಿ ಸುಂದರಿಗೆ ವಿವರಿಸಿದಳು. ಸಂಜೆ ಬೈಕಂಪಾಡಿಯಿಂದ ಪಿಕಪ್ ಬರುವುದಿತ್ತು. ಅಷ್ಟರೊಳಗೆ ಹಳೆಯ ಮಾರುತಿ ನೆಟ್ಟಗೆ ಉಸಿರಾಡದಿದ್ದರೆ ಅದರ ಇಂಜಿನ್ ಆ ಪಿಕಪ್ಪನ್ನೇರಿ, ಸವೆದ ಸಿಲಿಂಡರ್ ಕೊರೆದು ಸರಿಪಡಿಸುವ ಬೋರಿಂಗ್‌ಗೆ ಹೋಗುತ್ತಿತ್ತು.

ಹೋದರೆ ಸದ್ಯಕ್ಕೆ ಮರಳುವಂತಿರಲಿಲ್ಲ. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿಯುವ ಹೊತ್ತಿಗೆ ಬೈಕಂಪಾಡಿಯ ವರ್ಕ್‌ಶಾಪುಗಳ ತುಂಬ ಬೋಟಿನ ಇಂಜಿನ್‌ಗಳೇ ಸಾಲುಗಟ್ಟಿರುತ್ತವೆ. ಅವುಗಳ ನಡುವೆ ಮೂರು ಸಿಲಿಂಡರಿನ ಒಂದು ಚಿಕ್ಕ ಇಂಜಿನ್ನನ್ನು ಯಾರು ಕೇಳುತ್ತಾರೆ? ಇನ್ನೊಂದು ವಾರದಲ್ಲಿ ಬಂದರಿನ ದಕ್ಕೆಗೆ ಮೀನು ಬರತೊಡಗುತ್ತದೆ. ಸುಂದರಿ ಆ ಮೀನನ್ನು ಇದೇ ಕಾರಿನ ಹಿಂದಿನ ಸೀಟು ಕಳಚಿ, ಐಸಿನ ಪೆಟ್ಟಿಗೆಯಿಟ್ಟು, ಪಡೀಲಿನವರೆಗೆ ಮನೆಮನೆಗೆ ಮುಟ್ಟಿಸುವವಳು. ಮೊದಲ ವಾರ ಬಾರದವಳಿಗಾಗಿ ಯಾವ ಮನೆಯವರೂ ಬಂಗುಡೆಯ ಆಸೆ ತಡೆದು ಕೂರುವುದಿಲ್ಲ. ಫೋನಿನಲ್ಲಿ ಹೇಳಿದರೆ ಸ್ಕೂಟರಿನಲ್ಲಿ ತಂದುಕೊಡುವವರು ಈಗ ಬೇಕಾದಷ್ಟು ಜನರಿದ್ದಾರೆ.

ಇಂಜಿನ್ ಇಳಿಸಬೇಕೆಂದು ಹೇಳಿದವರು ಸುಂದರಿಯ ಅಣ್ಣ, ಜ್ಯೋತ್ಸ್ನಾಳ ತಮ್ಮಲೆ ದೇವದಾಸ್. ಅವರ ಕುಟುಂಬದಲ್ಲಿ ತಾಯಿಯ ಅಣ್ಣನ ಮಾತೆಂದರೆ ಗೆರೆ. ಮನೆಗೆ ಕಲ್ಲು ಹಾಕುವುದಿರಲಿ, ಹುಡುಗಿಗೆ ಗಂಡು ನೋಡುವುದಿರಲಿ, ತಮ್ಮಲೆ ತಲೆಯಾಡಿಸದೆ ಒಂದೂ ಮುಂದೆ ಹೋಗದು. ಅದಲ್ಲದೆ ದೇವದಾಸ್ ಬೋಟಿನ ಇಂಜಿನ್ ಕೆಲಸದಲ್ಲಿ ಕೂದಲು ನರೆಸಿಕೊಂಡವರು. ಬಂದರಿನಲ್ಲಿ ಅವರು ಬಿಚ್ಚಿ ಕಟ್ಟದ ಡೀಸೆಲ್ ಇಂಜಿನ್ ಇರಲಿಲ್ಲ.

ಜ್ಯೋತ್ಸ್ನಾಳಿಗಿದ್ದ ತೊಡಕು ಬೇರೆಯೇ. ನಿಷೇಧ ಆರಂಭವಾದ ಹೊಸತರಲ್ಲಿ ಕಾರಿನ ಇದೇ ಗ್ಯಾಸ್ಕೆಟ್ಟಿನಿಂದ ನೀರು ಸೋರತೊಡಗಿದಾಗ ಅದನ್ನು ಬದಲಿಸಿದವರು ಇದೇ ತಮ್ಮಲೆ. ಕಾರು ನಿಂತಲ್ಲಿ ನಡುಗಲು ತೊಡಗಿದ್ದು ಅದರ ನಂತರ. ತಪ್ಪು ಗ್ಯಾಸ್ಕೆಟ್ಟಿನದು ಎಂದು ಹೇಳುವುದೂ ತಮ್ಮಲೆಯದು ಎಂದು ಹೇಳುವುದೂ ಒಂದೇ ಆಗಿತ್ತು. ರಸಾಯನಶಾಸ್ತ್ರದಲ್ಲಿ ಎಂಎಸ್ಸಿ ಮುಗಿಸಿದ ಅವಳು ಆ ಮಾತನ್ನು ಬಾಯಿಯಿಂದ ಹೇಳಬಾರದೆಂದು, ಆದರೆ ಹೇಳದೆ ಬಿಡಬಾರದೆಂದು ನಿರ್ಧರಿಸಿದ್ದಳು.

ಹಿಂದಿನ ದಿನವೇ ಬಿಡಿಭಾಗದಂಗಡಿಯ ಸಮದ್‌ನಿಂದ ಗೇಜ್ ಎರವಲು ತಂದು ಒತ್ತಡ ನೋಡಿದ್ದಳು. ಮೂರೂ ಸಿಲಿಂಡರುಗಳಲ್ಲಿ ಇರಬೇಕಾದಷ್ಟೇ, ಸಮನಾಗಿತ್ತು. ತಮ್ಮಲೆ ಹೇಳುವಂತೆ ಪಿಸ್ಟನ್ನಿನ ರಿಂಗ್ ಸವೆದಿದ್ದರೆ ಹಾಗಿರಲು ಸಾಧ್ಯವಿಲ್ಲ.

"ಗೇಜ್ ಕಿವಿ ಇಲ್ಲದವರಿಗೆ," ಎಂದರು ದೇವದಾಸ್, ಜಗಲಿಯಲ್ಲಿ ಕುರ್ಚಿ ಎಳೆದು ಕೂರುತ್ತ. "ನನಗೆ ಕೇಳ್ತದೆ. ರಿಂಗ್ ಹೋಗಿದೆ."

"ಅಣ್ಣ, ಸಂಜೆವರೆಗೆ ಅವಳಿಗೆ ಬಿಡುವ," ಎಂದಳು ಸುಂದರಿ. "ಅಷ್ಟರಲ್ಲಿ ಸರಿಯಾಗದಿದ್ರೆ ನೀನು ಹೇಳಿದ ಹಾಗೆ."

ಜ್ಯೋತ್ಸ್ನಾ ಬಿಚ್ಚುವ ಮೊದಲು ಇಂಜಿನ್ ಚಾಲೂ ಮಾಡಿ, ಒಳಗಿನಿಂದ ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿ ತಂದಳು.

"ಎಂತ ಮಾರಾಯ್ತಿ, ಇಂಜಿನಿಗೆ ಇಸ್ತ್ರಿ ಹಾಕ್ಲಿಕ್ಕುಂಟಾ?"

"ಮಡಿಕೆ ಎಲ್ಲಿ ಉಂಟೂಂತ ನೋಡ್ತೇನೆ ತಮ್ಮಲೆ."

ಮ್ಯಾನಿಫೋಲ್ಡಿನ ಜೋಡಣೆಯ ಉದ್ದಕ್ಕೂ ಅವಳು ನೀರು ಚಿಮುಕಿಸುತ್ತ ಬಂದಳು. ನಡುಭಾಗಕ್ಕೆ ಬಂದಾಗ ಅಲ್ಲಿ ಸೊರ್ರೆಂದು ಎಳೆದ ಸದ್ದಾಗಿ, ನಡುಗುತ್ತಿದ್ದ ಇಂಜಿನ್ ಕ್ಷಣಕಾಲ ನಿಶ್ಚಿಂತೆಯಿಂದ ತಿರುಗಿ, ಮತ್ತೆ ನಡುಗಿತು. ನೀರು ಸಂದನ್ನು ಮುಚ್ಚಿದಷ್ಟು ಹೊತ್ತು ಕಳ್ಳಗಾಳಿ ನಿಂತಿತ್ತು. ದೇವದಾಸ್ ಕುರ್ಚಿಯನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡರು.

ಇಂಜಿನ್ ತಣ್ಣಗಾದ ಮೇಲೆ ಎಲ್ಲವೂ ಅನುಕ್ರಮದಲ್ಲೇ ಕಳಚಿತು. ಹೊರಬಂದ ಗ್ಯಾಸ್ಕೆಟ್‌ನ ಎರಡೂ ಬದಿಗೆ ಧಾರಾಳವಾಗಿ ಸಿಲಿಕೋನ್ ಅಂಟು ಮೆತ್ತಿತ್ತು, ಮತ್ತು ಅದು ತಾಳೆಯ ನುಂಗಿನಂತೆ ಉಬ್ಬಿ ಮೆತ್ತಗಾಗಿತ್ತು.

"ಇದನ್ನೇ ಬೋಟಿಗೆ ಹಾಕುವುದು ನಾನು," ಎಂದರು ದೇವದಾಸ್. "ಒಂದು ದಿನ ಒಂದು ಬೋಟ್ ಸಮುದ್ರದಲ್ಲಿ ನಿಂತದ್ದಿಲ್ಲ."

"ನಿಲ್ಲುವುದಿಲ್ಲ ತಮ್ಮಲೆ. ಬೋಟಿನ ಇಂಜಿನ್ ಈ ದಾರಿಯಲ್ಲಿ ಬರೀ ಗಾಳಿ ಎಳೀತದೆ, ಡೀಸೆಲ್ ಬೇರೆ ದಾರಿಯಲ್ಲಿ ಬರ್ತದೆ. ಇದರಲ್ಲಿ ಗಾಳಿಯ ಒಟ್ಟಿಗೆ ಪೆಟ್ರೋಲೂ ಬರ್ತದೆ. ಪೆಟ್ರೋಲ್ ತಾಗಿದ್ರೆ ಸಿಲಿಕೋನ್ ಹೀಗೇ ಉಬ್ಬುವುದು."

ದೇವದಾಸ್ ಆ ಮೆತ್ತನೆಯದನ್ನು ಬೆರಳುಗಳ ನಡುವೆ ಹೊಸಕಿ ನೋಡಿ, ಹೆಗಲ ಮೇಲಿನ ಬೈರಾಸಿಗೆ ಒರೆಸಿಕೊಂಡರು. ಒಪ್ಪಿದರೋ ಇಲ್ಲವೋ ಮುಖದಿಂದ ತಿಳಿಯುವಂತಿರಲಿಲ್ಲ.

ಮೇಲ್ಮೈಗಳನ್ನು ಕೆರೆದು ಒರೆಸಿ, ಅಂಗಡಿಯಿಂದ ತಂದ ಹೊಸ ಗ್ಯಾಸ್ಕೆಟ್ ಕೂರಿಸಿ, ನಟ್ಟುಗಳನ್ನು ಬಿಗಿದು, ನೀರು ತುಂಬಿಸುವಷ್ಟರಲ್ಲಿ ಮಧ್ಯಾಹ್ನದ ಊಟದ ಹೊತ್ತು ದಾಟಿತ್ತು. ಸುಂದರಿಯೇ ಬಂದು ಕೀಲಿ ತಿರುಗಿಸಿದಳು. ಇಂಜಿನ್ ಹೊತ್ತಿಕೊಂಡಿತು, ಮೊದಲಿಗಿಂತ ಚೆನ್ನಾಗಿ ತಿರುಗಿತು, ಆದರೆ ನಡುಕ ಪೂರ್ತಿ ಹೋಗಲಿಲ್ಲ.

"ನಾನು ಎಂತ ಹೇಳಿದ್ದು?" ಎಂದರು ದೇವದಾಸ್. "ರಿಂಗ್."

ಸುಂದರಿ ಮಗಳ ಮುಖ ನೋಡಿದಳು. ಆ ಮುಖದಲ್ಲಿ ಸೋಲು ಕಾಣಲಿಲ್ಲ, ಲೆಕ್ಕ ಕಂಡಿತು. ಜ್ಯೋತ್ಸ್ನಾ ಮತ್ತೆ ಬಾಟಲಿ ಎತ್ತಿಕೊಂಡಳು. ಅದೇ ಜಾಗದಲ್ಲಿ ಅದೇ ಸೊರ್ರೆಂಬ ಸದ್ದು. ಗ್ಯಾಸ್ಕೆಟ್ ಹೊಸದು, ಸೋರುವ ಜಾಗ ಹಳೆಯದು. ಹಾಗಾದರೆ ತಪ್ಪು ಗ್ಯಾಸ್ಕೆಟ್‌ನದೊಂದೇ ಅಲ್ಲ, ಅದನ್ನು ಒತ್ತಿಹಿಡಿಯುವ ಲೋಹದ್ದೂ ಹೌದು. ಮೇಲ್ಮೈ ಸಪಾಟಾಗಿದೆಯೇ ಎಂದು ಅಳೆಯದೆ ಜೋಡಿಸಿದ್ದು ತನ್ನ ಅವಸರ. ಅದನ್ನು ಅವಳು ಮನಸ್ಸಿನಲ್ಲೇ ಒಪ್ಪಿಕೊಂಡು ಸ್ಪ್ಯಾನರ್ ಹಿಡಿದಳು.

"ಮತ್ತೆ ಬಿಚ್ಚುವುದಾ?" ಸುಂದರಿ ಕೇಳಿದಳು.

"ಬಿಚ್ಚುವುದು. ಅಮ್ಮ, ಟೀಪಾಯಿಯ ಗಾಜು ಬೇಕು."

"ಒಡೆದ್ರೆ ನಿನ್ನ ತಲೆಯೂ ಒಡೀತೇನೆ, ನೆನಪಿರಲಿ."

ಮ್ಯಾನಿಫೋಲ್ಡ್ ಎರಡನೆಯ ಬಾರಿ ಹೊರಬಂದಿತು. ಜ್ಯೋತ್ಸ್ನಾ ಅದರ ಮೇಲ್ಮೈಯ ಉದ್ದಕ್ಕೂ ಮಾರ್ಕರಿನಿಂದ ಒತ್ತೊತ್ತಾಗಿ ಅಡ್ಡಗೆರೆ ಎಳೆದಳು. ದಪ್ಪ ಗಾಜಿನ ಮೇಲೆ ನಯವಾದ ಎಮರಿ ಕಾಗದ ಹಾಸಿ, ಸೀಮೆಎಣ್ಣೆ ಚಿಮುಕಿಸಿ, ಮ್ಯಾನಿಫೋಲ್ಡನ್ನು ಮಗುಚಿ ಇಟ್ಟಳು.

"ತಮ್ಮಲೆ, ಉಜ್ಜಲಿಕ್ಕೆ ನನ್ನ ಕೈ ಸಾಲದು. ಒಂದೇ ಬದಿಗೆ ಭಾರ ಬೀಳ್ತದೆ."

ಸಿಲಿಂಡರಿನ ಹೆಡ್ ಉಜ್ಜಿ ಸಪಾಟು ಮಾಡುವುದರಲ್ಲಿ ದೇವದಾಸ್‌ಗೆ ಬಂದರಿನಲ್ಲಿ ಸರಿಸಾಟಿ ಇರಲಿಲ್ಲ. ಅವರು ಎದ್ದು ಬಂದು ನೆಲಕ್ಕೆ ಕೂತರು. ಅಂಗೈಗಳು ಲೋಹದ ಮೇಲೆ ಹಗುರಾಗಿ ಕೂತು, ಎಂಟರ ಆಕಾರದಲ್ಲಿ ಸುತ್ತತೊಡಗಿದವು. ಸ್ವಲ್ಪ ಹೊತ್ತಿನ ಮೇಲೆ ಅವರು ಅದನ್ನು ತಿರುಗಿಸಿ ಬೆಳಕಿಗೆ ಹಿಡಿದರು.

ಎರಡೂ ತುದಿಗಳಲ್ಲಿ ಗೆರೆಗಳು ಅಳಿಸಿಹೋಗಿದ್ದವು. ನಡುಭಾಗದಲ್ಲಿ ಒಂದೊಂದೂ ಹಾಗೆಯೇ ಉಳಿದಿತ್ತು.

ತುದಿಗಳು ಒಳಕ್ಕೆ ಬಾಗಿ ನಡುಭಾಗ ತಗ್ಗಿದೆ ಎಂಬುದನ್ನು ದೇವದಾಸ್‌ಗೆ ಯಾರೂ ಹೇಳಬೇಕಾಗಿರಲಿಲ್ಲ.

"ನಾನು ತುದಿಯಿಂದ ಬಿಗಿದದ್ದು," ಎಂದರು ಅವರು ಕೊನೆಗೆ. "ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ. ಬೋಟಿನದ್ದು ಬೀಡು ಕಬ್ಬಿಣ, ತಡೀತದೆ. ಇದು ಅಲ್ಯೂಮಿನಿಯಂ."

"ಹೌದು."

"ನಿನಗೆ ಬೆಳಿಗ್ಗೆಯೇ ಗೊತ್ತಿತ್ತಾ?"

"ಸಿಲಿಕೋನ್ ಅಂತ ಅಂದಾಜಿತ್ತು. ಇದು ಗೊತ್ತಿರಲಿಲ್ಲ."

"ಇಬ್ಬರೂ ಸೇರಿ ನನ್ನ ಗಾಜು ಗೀರಿದ್ದು ನನಗೆ ಕಾಣ್ತಾ ಉಂಟು," ಎಂದಳು ಸುಂದರಿ. ದೇವದಾಸ್ ಅಂದು ಮೊದಲ ಬಾರಿ ನಕ್ಕರು.

ಗೆರೆಗಳೆಲ್ಲ ಅಳಿಯುವವರೆಗೆ ಅವರು ಉಜ್ಜಿದರು. ಆಗ ಇನ್ನೊಂದು ಅಡ್ಡಿ ಎದುರಾಯಿತು. ಒಮ್ಮೆ ಒತ್ತಿದ ಗ್ಯಾಸ್ಕೆಟ್ ಮತ್ತೆ ಸರಿಯಾಗಿ ಕೂರುವುದಿಲ್ಲ, ಸಮದ್ ಮಧ್ಯಾಹ್ನಕ್ಕೇ ಅಂಗಡಿ ಮುಚ್ಚಿದ್ದ. ದೇವದಾಸ್ ತಮ್ಮ ಚೀಲದಿಂದ ಗ್ಯಾಸ್ಕೆಟ್ ಶೀಟಿನ ಸುರುಳಿ ತೆಗೆದರು. ಜ್ಯೋತ್ಸ್ನಾ ಅದರ ಚೂರೊಂದನ್ನು ಕತ್ತರಿಸಿ ಪೆಟ್ರೋಲಿನಲ್ಲಿ ಮುಳುಗಿಸಿಟ್ಟಳು.

"ನನ್ನ ಶೀಟಿಗೂ ಪರೀಕ್ಷೆಯಾ?"

"ಪಾಸಾದ್ರೆ ಸರ್ಟಿಫಿಕೇಟ್ ಕೊಡ್ತೇನೆ."

ಚೂರು ಉಬ್ಬಲಿಲ್ಲ, ಮೆತ್ತಗಾಗಲೂ ಇಲ್ಲ. ದೇವದಾಸ್ ಶೀಟನ್ನು ಮ್ಯಾನಿಫೋಲ್ಡಿನ ಮೇಲೆ ಹಾಸಿ, ಗುಂಡುತಲೆಯ ಸುತ್ತಿಗೆಯಿಂದ ಅಂಚುಗಳ ಮೇಲೆ ಟಕಟಕನೆ ತಟ್ಟುತ್ತ ಹೋದರು. ಲೋಹದ ಅಂಚೇ ಕತ್ತರಿಯಾಗಿ, ಗಾಳಿಯ ದಾರಿ, ನೀರಿನ ತೂತು, ಬೋಲ್ಟಿನ ತೂತು ಒಂದೊಂದಾಗಿ ತೆರೆದುಕೊಂಡವು. ಅಂಗಡಿಯದಕ್ಕೂ ಇದಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಸಿಲಿಕೋನ್ ಟ್ಯೂಬು ಚೀಲದಲ್ಲೇ ಉಳಿಯಿತು.

ಬೇಕಾದಷ್ಟು ಬಿಗಿಯಾದೊಡನೆ ಟಿಕ್ ಎನ್ನುವ ಟಾರ್ಕ್ ರೆಂಚನ್ನು ಜ್ಯೋತ್ಸ್ನಾ ತಮ್ಮಲೆಯ ಕೈಗೇ ಕೊಟ್ಟಳು.

"ಎಲ್ಲಿಂದ?"

"ನಡುವಿನಿಂದ ತುದಿಗೆ. ಒಂದೇ ಸಲಕ್ಕೆ ಪೂರ್ತಿ ಬೇಡ. ಟಿಕ್ ಅಂದ ಕೂಡಲೆ ಬಿಡಬೇಕು."

"ಟಿಕ್ ಅಂದ ಮೇಲೆ ಒಂದು ಸಣ್ಣ ಒತ್ತು ಕೊಡುವುದಾ?"

"ಬೇಡ ತಮ್ಮಲೆ."

ಬೇಡವೆಂದಲ್ಲಿ ಅವರು ಬಿಟ್ಟರು. ನೀರು ತುಂಬಿಸಿದ ಮೇಲೆ ಸುಂದರಿ ಕೀಲಿ ತಿರುಗಿಸಿದಳು. ಇಂಜಿನ್ ಹೊತ್ತಿಕೊಂಡು, ಒಂದೆರಡು ಬಾರಿ ತಡವರಿಸಿ, ಆಮೇಲೆ ಏರಿಳಿತವಿಲ್ಲದೆ ತಿರುಗತೊಡಗಿತು. ಈ ಸಲ ಬಾಟಲಿ ಹಿಡಿದವರು ದೇವದಾಸ್. ಜೋಡಣೆಯ ಈ ತುದಿಯಿಂದ ಆ ತುದಿಯವರೆಗೆ, ಕಿವಿಯನ್ನು ಬಾನೆಟ್ಟಿನ ಒಳಕ್ಕೇ ಇಟ್ಟು, ನೀರು ಚಿಮುಕಿಸುತ್ತ ಬಂದರು. ನಡುಭಾಗದಲ್ಲಿ ಎರಡು ಸಲ. ಸದ್ದು ಎಲ್ಲಿಯೂ ಬದಲಾಗಲಿಲ್ಲ.

ಗೇಟಿನ ಬಳಿ ಪಿಕಪ್ ಬಂದು ನಿಂತಿತು. ಚಾಲಕ ರೋಷನ್ ಇಳಿದು, ಕಟ್ಟಲು ತಂದ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಒಳಬಂದ.

"ದೇವದಾಸಣ್ಣ, ಇಂಜಿನ್ ಎಲ್ಲಿ? ಇಳಿಸಿ ಆಯ್ತಾ?"

ತಾಯಿ ಮಗಳು ಇಬ್ಬರೂ ತಮ್ಮಲೆಯತ್ತ ನೋಡಿದರು. ದೇವದಾಸ್ ಬಾಟಲಿಯನ್ನು ರೇಡಿಯೇಟರಿನ ಮೇಲಿಟ್ಟು, ಬೈರಾಸಿನಿಂದ ಕೈ ಒರೆಸಿಕೊಂಡರು.

"ಇಳಿಸ್ಲಿಕ್ಕಿಲ್ಲ," ಎಂದರು. "ಮೂರೂ ಸಿಲಿಂಡರ್ ಸರಿ ಉಂಟು, ರಿಂಗ್ ಹೋಗಿಲ್ಲ. ಮ್ಯಾನಿಫೋಲ್ಡ್ ಬಾಗಿ ಗಾಳಿ ಎಳೀತಿತ್ತು, ಈಗ ಎಳೆಯುವುದಿಲ್ಲ."